ಕ್ಯಾನು ಖಾಲಿಯೋ, ಕ್ಯಾನೇ ಬಂದಿಲ್ಲವೋ?

ಕೋಡ್ ಕಟ್ಟೆ: ನೀವು ಕೇಳಿದ್ದು, ನಾನು ಹೇಳಿದ್ದು

ಕಳೆದ ತಿಂಗಳು ಈ ಅಂಕಣದಲ್ಲಿ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಪಟ್ಟಿ (ಲಿಸ್ಟ್) ಖಾಲಿ ಇದೆಯೋ ಇಲ್ಲವೋ ಎಂದು ನೋಡುವ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಇಷ್ಟು ಚಿಕ್ಕ ವಿಷಯಕ್ಕೆ ಯಾರು ಕಾಗದ ಬರೀತಾರೆ ಅಂದುಕೊಂಡಿದ್ದೆ. ಮೂವತ್ತೊಂದು ಬಂದಿವೆ. ಒಬ್ಬರು ನನ್ನ ತಪ್ಪನ್ನೂ ಹಿಡಿದಿದ್ದಾರೆ. ಅದನ್ನು ಕೊನೆಗೆ ಇಟ್ಟಿದ್ದೇನೆ, ಅಷ್ಟರಲ್ಲಿ ನಿಮಗೆ ನನ್ನ ಮೇಲೆ ಸ್ವಲ್ಪ ಪ್ರೀತಿ ಹುಟ್ಟಿರಲಿ ಅಂತ. ಎಂದಿನಂತೆ ಕೋಡನ್ನೂ ಕನ್ನಡ ಲಿಪಿಯಲ್ಲೇ ಕೊಟ್ಟಿದ್ದೇನೆ. ಕಂಪ್ಯೂಟರಿನಲ್ಲಿ ಹೊಡೆಯುವಾಗ ಇಂಗ್ಲಿಷ್ ಅಕ್ಷರ ಹಾಕಿಕೊಳ್ಳಿ. ಒಂದು ಮಾತು: ಪೈಥಾನ್ 3ರಲ್ಲಿ ವೇರಿಯಬಲ್ ಹೆಸರನ್ನು 'ಹಾಲು' ಅಂತ ಕನ್ನಡದಲ್ಲೇ ಇಡಬಹುದು, ಓಡುತ್ತದೆ. 'ಇಫ್', 'ನಾಟ್' ಮಾತ್ರ ಇಂಗ್ಲಿಷಿನಲ್ಲೇ ಇರಬೇಕು.

ಪ್ರಶ್ನೆ: ಲ್ಯಾಬ್ ಪರೀಕ್ಷೆಯಲ್ಲಿ 'ಇಫ್ ಲೆನ್(ಪಟ್ಟಿ) == 0' ಎಂದು ಬರೆದೆ. ನಮ್ಮ ಸರ್ ಅದನ್ನು ಹೊಡೆದುಹಾಕಿ 'ಇಫ್ ನಾಟ್ ಪಟ್ಟಿ' ಎಂದು ಕೆಂಪು ಇಂಕಿನಲ್ಲಿ ಬರೆದು ಎರಡು ಅಂಕ ಕಳೆದರು. ನಾನು ಬರೆದದ್ದು ತಪ್ಪಾ ಮೇಡಂ?
(ಬಿಸಿಎ ವಿದ್ಯಾರ್ಥಿನಿ, ತುಮಕೂರು)

ಉತ್ತರ: ತಪ್ಪಲ್ಲ. ಎರಡು ಅಂಕ ವಾಪಸ್ ಕೇಳಿ. ಕೇಳುವಾಗ ನನ್ನ ಹೆಸರು ಹೇಳಬೇಡಿ.

ಸರ್ ಹೇಳಿದ್ದರಲ್ಲೂ ಹುರುಳಿದೆ ಅನ್ನಿ. ಪೈಥಾನ್ ಕೋಡು ನೋಡಲು ಹೇಗಿರಬೇಕು ಎಂದು ಹೇಳುವ ಪೆಪ್ 8 ಎಂಬ ಕೈಪಿಡಿ 2001ರಿಂದ ಇದೆ. ಪಟ್ಟಿ, ಟಪಲ್ (ಬದಲಿಸಲಾಗದ ಪಟ್ಟಿ), ಸ್ಟ್ರಿಂಗ್ (ಅಕ್ಷರಮಾಲೆ) ಖಾಲಿ ಇದ್ದರೆ ಅದನ್ನು ಪೈಥಾನ್ 'ಸುಳ್ಳು' ಎಂದೇ ಎಣಿಸುತ್ತದೆ, ಆದ್ದರಿಂದ ಉದ್ದ ಅಳೆಯಬೇಡಿ, ನೇರವಾಗಿ 'ಇಫ್ ನಾಟ್' ಬಳಸಿ ಎನ್ನುತ್ತದೆ ಅದು. ಒಳಗೆ ನಡೆಯುವುದು ಇಷ್ಟು. 'ಇಫ್' ಎದುರಿಗೆ ಯಾವುದೇ ವಸ್ತು ಬಂದರೆ ಪೈಥಾನ್ ಮೊದಲು "ನೀನು ನಿಜವೋ ಸುಳ್ಳೋ ಹೇಳುವ ಮೆಥಡ್ ನಿನ್ನ ಹತ್ತಿರ ಇದೆಯಾ?" ಎಂದು ಕೇಳುತ್ತದೆ. ಇಲ್ಲದಿದ್ದರೆ "ನಿನ್ನ ಉದ್ದ ಎಷ್ಟು?" ಎಂದು ಕೇಳುತ್ತದೆ. 0 ಅಂದರೆ ಸುಳ್ಳು. ಎರಡೂ ಇಲ್ಲದಿದ್ದರೆ ಸುಮ್ನೆ ನಿಜ ಎಂದುಕೊಳ್ಳುತ್ತದೆ. ಅಂದರೆ ನೀವು ಬಾಯಿಬಿಟ್ಟು ಬರೆದ 'ಲೆನ್' ಅನ್ನೇ ಪಟ್ಟಿಯ ವಿಷಯದಲ್ಲಿ ಅದು ಬೆನ್ನ ಹಿಂದೆ ಮಾಡುತ್ತದೆ. ಉತ್ತರ ಒಂದೇ.

ಹಾಗಾದರೆ ಎಲ್ಲ ಕಡೆ 'ಇಫ್ ನಾಟ್' ಹಾಕಿಬಿಡೋಣವಾ? ಇಲ್ಲಿ ನನಗೂ ನಿಮ್ಮ ಸರ್‌ಗೂ ಸಣ್ಣ ಜಗಳ. 'ನಾಟ್ ಪಟ್ಟಿ' ಅನ್ನುವುದು ಖಾಲಿ ಪಟ್ಟಿಗೆ ಮಾತ್ರ ಹೂಂ ಅನ್ನುವುದಿಲ್ಲ. ಸೊನ್ನೆಗೂ ಹೂಂ, ಖಾಲಿ ಸ್ಟ್ರಿಂಗಿಗೂ ಹೂಂ, ನನ್‌ಗೂ ಹೂಂ. (ನನ್ ಅಂದರೆ ನಂದು ಅಲ್ಲ, ಪೈಥಾನಿನ 'ಏನೂ ಇಲ್ಲ'.) ಒಂದು ಫಂಕ್ಷನ್ ಫೈಲು ತೆರೆಯಲಾಗದೆ ನನ್ ಕೊಟ್ಟಿತು ಎನ್ನಿ. ಇನ್ನೊಂದು ದಿನ ಫೈಲು ತೆರೆಯಿತು, ಒಳಗೆ ಏನೂ ಇರಲಿಲ್ಲ, ಖಾಲಿ ಪಟ್ಟಿ ಕೊಟ್ಟಿತು. ಈ ಎರಡು ಬೇರೆ ಬೇರೆ ಸಂಗತಿ. 'ನಾಟ್' ಎರಡನ್ನೂ ಒಂದೇ ಚೀಲಕ್ಕೆ ತುಂಬುತ್ತದೆ. ವ್ಯತ್ಯಾಸ ಮುಖ್ಯವಾದಲ್ಲಿ ಮೊದಲು 'ಇಫ್ ಪಟ್ಟಿ ಈಸ್ ನನ್' ಎಂದು ಕೇಳಿ, ಆಮೇಲೆ ಖಾಲಿಯಾ ಎಂದು ಕೇಳಿ.

ಇದಕ್ಕೆ ನನಗೆ ಬಹಳ ಇಷ್ಟವಾದ ಒಂದು ನಿಜ ಸಂಗತಿ ಇದೆ. ಪೈಥಾನ್ 3.4ರವರೆಗೆ ಸಮಯ ಹೇಳುವ 'ಟೈಮ್' ವಸ್ತುವಿನಲ್ಲಿ ಮಧ್ಯರಾತ್ರಿ ಅಂದರೆ ಸುಳ್ಳು. ಸೊನ್ನೆ ಗಂಟೆ, ಸೊನ್ನೆ ನಿಮಿಷ, ಹಾಗಾಗಿ 'ಏನೂ ಇಲ್ಲ'. "ಸಮಯ ಕೊಟ್ಟಿದ್ದಾರಾ?" ಎಂದು ನೋಡಲು ಸುಮ್ನೆ 'ಇಫ್ ಸಮಯ' ಎಂದು ಬರೆದವರ ಪ್ರೋಗ್ರಾಮು ದಿನವೆಲ್ಲ ಚೆನ್ನಾಗಿದ್ದು ಸರಿಯಾಗಿ ಹನ್ನೆರಡು ಹೊಡೆದಾಗ ಕೈಕೊಡುತ್ತಿತ್ತು. ಸಮಯದ ಜೊತೆ ಟೈಮ್‌ಝೋನ್ ಇದ್ದರೆ ಆ ವ್ಯತ್ಯಾಸ ಕಳೆದು ನೋಡುತ್ತಿದ್ದರು. ಗ್ರೀನ್‌ವಿಚ್ ಸಮಯಕ್ಕಿಂತ ನಮ್ಮ ಗಡಿಯಾರ ಐದೂವರೆ ಗಂಟೆ ಮುಂದೆ ತಾನೆ? ಅಂದರೆ ಭಾರತದ ಸಮಯದಲ್ಲಿ ಬೆಳಗಿನ ಜಾವ 5:30 ಪೈಥಾನಿನ ಲೆಕ್ಕಕ್ಕೆ 'ಇಲ್ಲ'. ನಮ್ಮ ಕಡೆ ಹಾಲು ಕರೆಯುವ ಹೊತ್ತು ಅದು. 2015ರಲ್ಲಿ ಬಂದ 3.5ರಲ್ಲಿ ಇದನ್ನು ತೆಗೆದರು.

ಮುಂದೆ ಡೇಟಾ ಸೈನ್ಸ್ ಕಡೆ ಹೋದರೆ ಒಂದು ಎಚ್ಚರಿಕೆ. ಅಲ್ಲಿ ಪಾಂಡಾಸ್, ನಂಪೈ ಎಂಬ ಎರಡು ಪೈಥಾನ್ ಲೈಬ್ರರಿ ಸಿಗುತ್ತವೆ. ಪಾಂಡಾಸ್‌ನ ಡೇಟಾಫ್ರೇಮ್ (ಸಾಲು, ಕಾಲಂ ಇರುವ ಕೋಷ್ಟಕ) ಮೇಲೆ 'ಇಫ್ ನಾಟ್' ನಡೆಯುವುದಿಲ್ಲ, ವ್ಯಾಲ್ಯೂ ಎರರ್ ಎಸೆಯುತ್ತದೆ. ಅದಕ್ಕೆ 'ಡಾಟ್ ಎಂಪ್ಟಿ' ಇದೆ. ನಂಪೈ ಅರೇಗೆ 'ಸೈಜ್ == 0' ಎಂದು ನೋಡಿ. ಜನರೇಟರ್ (ಕೇಳಿದಾಗ ಒಂದೊಂದೇ ಕೊಡುವ ವಸ್ತು) ಒಳಗೆ ಏನೂ ಇಲ್ಲದಿದ್ದರೂ ಅದು ಯಾವತ್ತೂ 'ನಿಜ'. ಅದರೊಳಗೆ ಏನಿದೆ ಎಂದು ತಿಳಿಯಬೇಕಾದರೆ ಒಂದನ್ನು ಹೊರಗೆ ಎಳೆಯಲೇಬೇಕು.

ಪ್ರಶ್ನೆ: ನಮ್ಮ ಟೀಮಿನ ಜಾವಾ ಕೋಡಿನಲ್ಲಿ ಪ್ರತಿ ಮೆಥಡ್‌ನ ತಲೆಯ ಮೇಲೂ 'ಲಿಸ್ಟ್ != ನಲ್ && !ಲಿಸ್ಟ್.ಈಸ್‌ಎಂಪ್ಟಿ()' ಕೂತಿದೆ. ತೆಗೆದರೆ ನಲ್ ಪಾಯಿಂಟರ್ ಎಕ್ಸೆಪ್ಶನ್ ಎಂಬ ಎರರ್. ಇಟ್ಟರೆ ಕಣ್ಣಿಗೆ ಕಸ. ಇದಕ್ಕೆ ಕೊನೆ ಇಲ್ವಾ?
(ಎರಡು ವರ್ಷದ ಅನುಭವಿ, ಬೆಂಗಳೂರು)

ಉತ್ತರ: ಇದೆ, ಆದರೆ ಅದು ನೀವು ನೋಡುತ್ತಿರುವ ಜಾಗದಲ್ಲಿಲ್ಲ. ಮನೆಯೊಳಗೆ ಕೆಸರು ಬರುತ್ತಿದ್ದರೆ ಪ್ರತಿ ಕೋಣೆಯ ಬಾಗಿಲಲ್ಲೂ ಕಾಲೊರಸು ಹಾಕುವುದಿಲ್ಲ, ಹೆಬ್ಬಾಗಿಲಲ್ಲಿ ಹಾಕುತ್ತೇವೆ. ನಿಮ್ಮಲ್ಲಿ ಲಿಸ್ಟ್ ಕೊಡುವ ಮೆಥಡ್ ಯಾವುದೋ ಅದನ್ನು ಹಿಡಿಯಿರಿ. ಸಿಕ್ಕಿದ್ದು ಏನೂ ಇಲ್ಲ ಅಂದರೆ ಅದು ನಲ್ (ಜಾವಾದ 'ಏನೂ ಇಲ್ಲ') ಕೊಡಬಾರದು, ಖಾಲಿ ಲಿಸ್ಟ್ ಕೊಡಬೇಕು. ಜಾವಾದಲ್ಲಿ ಅದಕ್ಕೆಂದೇ 'ಕಲೆಕ್ಷನ್ಸ್.ಎಂಪ್ಟಿಲಿಸ್ಟ್()' ಇದೆ, ಜಾವಾ 9ರಿಂದ 'ಲಿಸ್ಟ್.ಆಫ್()' ಕೂಡ ಇದೆ. ಖಾಲಿ ಲಿಸ್ಟ್ ಮೇಲೆ ಫಾರ್ ಲೂಪ್ ಓಡಿಸಿದರೆ ಅದು ಒಂದು ಸುತ್ತೂ ಹಾಕದೆ ಹೊರಗೆ ಬರುತ್ತದೆ. ಎಷ್ಟೋ ಕಡೆ ಖಾಲಿಯಾ ಎಂದು ಕೇಳುವ ಅಗತ್ಯವೇ ಬೀಳುವುದಿಲ್ಲ.

ಅಲ್ಲಿಯವರೆಗೆ ಆ ಸಾಲನ್ನು ಇಟ್ಟುಕೊಳ್ಳಿ, ಕ್ರಮ ಮಾತ್ರ ಬದಲಿಸಬೇಡಿ. '&&' ಎಡಗಡೆ ಸುಳ್ಳಾದರೆ ಬಲಗಡೆ ನೋಡುವುದೇ ಇಲ್ಲ. ಅದಕ್ಕೇ ನಲ್ ಪ್ರಶ್ನೆ ಮೊದಲು. ತಿರುಗಿಸಿ ಬರೆದರೆ, ಇಲ್ಲದ ಡಬ್ಬಿಯ ಮುಚ್ಚಳ ತೆಗೆಯಲು ಹೋದ ಹಾಗೆ.

ನಲ್ ಅನ್ನುವುದನ್ನು ತಂದವರು ಬ್ರಿಟಿಷ್ ಕಂಪ್ಯೂಟರ್ ವಿಜ್ಞಾನಿ ಟೋನಿ ಹೋರ್, 1965ರಲ್ಲಿ, ಆಲ್ಗಾಲ್ ಡಬ್ಲ್ಯೂ ಭಾಷೆಗಾಗಿ. 2009ರಲ್ಲಿ ಅವರೇ ವೇದಿಕೆ ಹತ್ತಿ ಅದು ತಮ್ಮ ನೂರು ಕೋಟಿ ಡಾಲರಿನ ತಪ್ಪು ಎಂದು ಒಪ್ಪಿಕೊಂಡರು. ತಪ್ಪು ಒಪ್ಪಿಕೊಳ್ಳುವುದರಲ್ಲೂ ಒಂದು ದೊಡ್ಡಸ್ತಿಕೆ ಇರುತ್ತದೆ. (ಇದನ್ನು ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ನನಗೆ ಬೇಕು.)

ನೀವು ಕೇಳದ ಇನ್ನೊಂದು: 'ಸೈಜ್() == 0' ಬದಲು 'ಈಸ್‌ಎಂಪ್ಟಿ()' ರೂಢಿ ಮಾಡಿಕೊಳ್ಳಿ. ಅರೇಲಿಸ್ಟ್‌ನಲ್ಲಿ ಎರಡೂ ಒಂದೇ. ಆದರೆ ಕನ್ಕರೆಂಟ್‌ಲಿಂಕ್ಡ್‌ಕ್ಯೂ ಎಂಬುದಕ್ಕೆ ಸೈಜ್ ಕೇಳಿದರೆ ಅದು ಮೊದಲಿನಿಂದ ಕೊನೆಯವರೆಗೆ ಒಂದೊಂದಾಗಿ ಎಣಿಸುತ್ತದೆ. ಪಾತ್ರೆಯಲ್ಲಿ ಮಜ್ಜಿಗೆ ಇದೆಯಾ ಎಂದು ನೋಡಲು ಲೋಟದಲ್ಲಿ ಅಳೆಯುತ್ತಾ ಕೂರುತ್ತೀರಾ? ಮುಚ್ಚಳ ಸರಿಸಿ ನೋಡಿದರೆ ಸಾಕಲ್ವಾ?

ಪ್ರಶ್ನೆ: ನಮ್ಮ ಫ್ಯಾಕ್ಟರಿಯ ರಿಪೋರ್ಟಿನಲ್ಲಿ ಒಂದು ದಿನ "ಎಲ್ಲ ತಪಾಸಣೆ ಸರಿ" ಎಂದು ಬಂತು. ಆ ದಿನ ತಪಾಸಣೆಯೇ ನಡೆದಿರಲಿಲ್ಲ! ಹುಡುಕಿದರೆ ಪೈಥಾನಿನ 'ಆಲ್([])' ಟ್ರೂ ಕೊಡುತ್ತಿದೆ. ಇದು ಪೈಥಾನಿನ ದೋಷ ಅಲ್ವಾ?
(ಕ್ವಾಲಿಟಿ ವಿಭಾಗ, ಹೊಸೂರು)

ಉತ್ತರ: ನಿಮ್ಮ ಕಾಗದ ಓದಿ ಹೊಟ್ಟೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು. ಇದೇ ತಪ್ಪನ್ನು ನಾನು ಪೈಥಾನ್ ಇಲ್ಲದೆಯೇ ಮಾಡಿದ್ದೇನೆ.

ಆಗ ನಾನು ಹಳ್ಳಿ ಡೇರಿಗಳಿಗೆ ಹಾಲಿನ ಲೆಕ್ಕದ ಪ್ರೋಗ್ರಾಮು ಮಾಡಿಕೊಡುವ ಒಂದು ಸಣ್ಣ ಕಂಪನಿಯಲ್ಲಿದ್ದೆ. ಬೆಳಿಗ್ಗೆ ಒಂದು ಹೊತ್ತು, ಸಂಜೆ ಒಂದು ಹೊತ್ತು. ಹಾಲು ಹಾಕುವವರ ನಂಬರು, ಲೀಟರು, ಫ್ಯಾಟು. ಪ್ರತಿ ಹೊತ್ತಿಗೆ ಒಂದು ಶೀಟು ಪ್ರಿಂಟ್ ಆಗುತ್ತಿತ್ತು. ಅದರ ಕೆಳಗೆ ನಾನು ಹೆಮ್ಮೆಯಿಂದ ಹಾಕಿದ ಒಂದು ಸಾಲು: "ಎಲ್ಲ ಸ್ಯಾಂಪಲ್ ಪಾಸ್". ವಿಷುವಲ್ ಬೇಸಿಕ್ ಕೋಡು. ಮೇಲೆ 'ಎಲ್ಲ_ಸರಿ = ಟ್ರೂ' ಎಂದು ಬರೆದುಕೊಂಡಿದ್ದೆ. ಆಮೇಲೆ ಒಂದು ಲೂಪ್, ಯಾವುದಾದರೂ ಸ್ಯಾಂಪಲ್ ಫೇಲಾದರೆ ಅದನ್ನು 'ಫಾಲ್ಸ್' ಮಾಡುತ್ತಿದ್ದೆ. ಯಾವುದೂ ಫೇಲಾಗದಿದ್ದರೆ ಟ್ರೂ ಹಾಗೇ ಉಳಿಯುತ್ತದೆ. ಸರಿಯಾಗೇ ಕಾಣುತ್ತದೆ ಅಲ್ವಾ? ನನ್ನ ಮೇಲಿನವರಿಗೂ ಹಾಗೇ ಕಂಡಿತು.

ಆ ವರ್ಷ ಮಳೆಗಾಲದಲ್ಲಿ ಚನ್ನರಾಯಪಟ್ಟಣದ ಕಡೆಯ ಒಂದು ಡೇರಿಯಲ್ಲಿ ಮೂರು ಹೊತ್ತು ಕರೆಂಟಿರಲಿಲ್ಲ. ಫ್ಯಾಟ್ ಮಿಷನ್ ಓಡಲಿಲ್ಲ. ಲ್ಯಾಕ್ಟೋಮೀಟರ್ ಮುಳುಗಿಸಿ ನೋಡಿ, ಪುಸ್ತಕದಲ್ಲಿ ಲೀಟರು ಬರೆದುಕೊಂಡು ಹಾಲು ತೆಗೆದುಕೊಂಡರು. ಕರೆಂಟು ಬಂದ ಮೇಲೆ ಕಂಪ್ಯೂಟರು ಹಾಕಿದರೆ ನನ್ನ ಪ್ರೋಗ್ರಾಮು ಮೂರು ಶೀಟು ಪ್ರಿಂಟ್ ಮಾಡಿತು. ಮೂರರಲ್ಲೂ ಸ್ಯಾಂಪಲ್ ಸೊನ್ನೆ. ಮೂರರ ಕೆಳಗೂ "ಎಲ್ಲ ಸ್ಯಾಂಪಲ್ ಪಾಸ್".

ಡೇರಿ ಸೆಕ್ರೆಟರಿ ಫೋನ್ ಮಾಡಿದರು. "ಏನ್ ಮೇಡಂ, ಇಲ್ಲಿ ಟೆಸ್ಟೇ ಮಾಡಿಲ್ಲ, ನಿಮ್ ಕಾಗದದಾಗೆ ಎಲ್ಲಾ ಪಾಸು ಅಂತ ಐತಲ್ಲ. ಶಾಲೆಗೇ ಹೋಗ್ದೆ ಪಾಸಾದಂಗಾತು!" ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ.

ಮಾರನೇ ದಿನ ಬಸ್ಸು ಹತ್ತಿ ಹೋದೆ. ಅವರ ಕೈಬರಹದ ಪುಸ್ತಕ ನೋಡಿದ ಮೇಲೆ ನನ್ನ ತಪ್ಪು ಇನ್ನೂ ದೊಡ್ಡದಾಯಿತು. ಹಾಲು ಹಾಕಲು ಬಾರದವರ ಹೆಸರಿನ ಮುಂದೆ ಅವರು ಒಂದು ಅಡ್ಡಗೆರೆ ಎಳೆಯುತ್ತಿದ್ದರು. ತಂದ ಹಾಲು ಕೆಟ್ಟಿದ್ದರೆ 'ವಾಪಸ್'. ಹಸು ಬತ್ತಿದ್ದರೆ 'ಬ' ಎಂದು ಒಂದು ಅಕ್ಷರ. ಮೂರೂ ಬೇರೆ. ನನ್ನ ಡೇಟಾಬೇಸಿನಲ್ಲಿ ಲೀಟರು ಎಂಬ ಒಂದೇ ಕಾಲಂ ಇತ್ತು, ಮೂವರಿಗೂ 0 ಬೀಳುತ್ತಿತ್ತು. ಏಳನೇ ಕ್ಲಾಸು ಓದಿದ ಆ ಮನುಷ್ಯನ ಪುಸ್ತಕದಲ್ಲಿದ್ದ ವಿಷಯವನ್ನು ಇಂಜಿನಿಯರಿಂಗ್ ಓದಿದ ನಾನು ಅಳಿಸಿಹಾಕಿದ್ದೆ. ಅವತ್ತು ಅವರು ಹೇಳಿದ ಮಾತನ್ನು ನಾನು ಇವತ್ತಿಗೂ ಮೈಸೂರಿನ ನನ್ನ ಭಾನುವಾರದ ಕ್ಲಾಸಿನಲ್ಲಿ ಹೇಳುತ್ತೇನೆ: "ಕ್ಯಾನು ಖಾಲಿ ಇರೋದು ಬೇರೆ, ಕ್ಯಾನೇ ಬರದೇ ಇರೋದು ಬೇರೆ ಮೇಡಂ."

ಈಗ ನಿಮ್ಮ ಪ್ರಶ್ನೆ. 'ಆಲ್' ಏನು ಮಾಡುತ್ತದೆ? ಸುಳ್ಳಾದ ಒಂದನ್ನು ಹುಡುಕುತ್ತದೆ. ಸಿಕ್ಕದಿದ್ದರೆ ಟ್ರೂ. ಖಾಲಿ ಪಟ್ಟಿಯಲ್ಲಿ ಸಿಗಲು ಏನೂ ಇಲ್ಲ, ಹಾಗಾಗಿ ಟ್ರೂ. ನಾನು ಮೈಸೂರಿನ ಅಪಾರ್ಟ್‌ಮೆಂಟಿನ ಮೂರನೇ ಮಹಡಿಯಲ್ಲಿ ಕೂತು "ನನ್ನ ಕೊಟ್ಟಿಗೆಯ ಹಸುಗಳೆಲ್ಲ ದಿನಕ್ಕೆ ಇಪ್ಪತ್ತು ಲೀಟರು ಕರೆಯುತ್ತವೆ" ಎಂದರೆ ಯಾರೂ ಸುಳ್ಳು ಎಂದು ತೋರಿಸಲಾರರು. ಇಪ್ಪತ್ತಕ್ಕಿಂತ ಕಡಿಮೆ ಕೊಡುವ ನನ್ನ ಒಂದು ಹಸುವನ್ನು ಹಿಡಿದು ತರಬೇಕಲ್ಲ!

ಇದು ಬರೀ ತಮಾಷೆ ಅಲ್ಲ, ಹೀಗಿರಲೇಬೇಕಾದ ಕಾರಣವೂ ಇದೆ. ಬೆಳಗಿನ ಸ್ಯಾಂಪಲ್ಲು, ಸಂಜೆಯ ಸ್ಯಾಂಪಲ್ಲು ಎಂದು ಎರಡು ಭಾಗ ಮಾಡಿ ನೋಡಿ. ಬೆಳಗಿನದೆಲ್ಲ ಸರಿ, ಸಂಜೆಯದೆಲ್ಲ ಸರಿ ಎಂದರೆ ದಿನವೆಲ್ಲ ಸರಿ ಎಂದಾಗಬೇಕು. ಸಂಜೆ ಒಂದೂ ಸ್ಯಾಂಪಲ್ ಇಲ್ಲ ಎನ್ನಿ. ಆಗ ದಿನದ ಉತ್ತರ ಬೆಳಗಿನ ಉತ್ತರವೇ ಆಗಿರಬೇಕು ತಾನೆ? ಖಾಲಿ ಸಂಜೆ ಫಾಲ್ಸ್ ಕೊಟ್ಟರೆ ಬೆಳಗಿನ ಒಳ್ಳೆ ಹಾಲನ್ನೂ ಕೆಡಿಸುತ್ತದೆ. ಕೂಡುವಾಗ ಏನೂ ಇಲ್ಲದಿದ್ದರೆ 0, ಗುಣಿಸುವಾಗ ಏನೂ ಇಲ್ಲದಿದ್ದರೆ 1. ಪೈಥಾನಿನ 'ಮ್ಯಾಥ್.ಪ್ರಾಡ್([])' ಕೂಡ 1 ಕೊಡುವುದು ಇದೇ ತರ್ಕಕ್ಕೆ. ಹಾಗೆಯೇ 'ಆಲ್'ಗೆ ಟ್ರೂ, "ಒಂದಾದರೂ ನಿಜವಾ?" ಎಂದು ಕೇಳುವ 'ಎನಿ'ಗೆ ಫಾಲ್ಸ್. ಲೆಕ್ಕ ಸರಿಯಾಗಿದೆ. ನಮ್ಮ ಕೆಳಗಿನ ಸಾಲು ತಪ್ಪಿತ್ತು.

ನಾನು ಮಾಡಿದ ರಿಪೇರಿ ಇದು, ನೀವೂ ಹೀಗೇ ಮಾಡಿ. ಎರಡು ಉತ್ತರದ ಜಾಗದಲ್ಲಿ ಮೂರು ಇಡಿ.

ಇಫ್ ನಾಟ್ ಸ್ಯಾಂಪಲ್ಸ್: "ಪರೀಕ್ಷೆ ಆಗಿಲ್ಲ"
ಎಲಿಫ್ ಆಲ್(ಸ್ಯಾಂಪಲ್ಸ್): "ಎಲ್ಲ ಪಾಸ್"
ಎಲ್ಸ್: "ಫೇಲ್ ಇದೆ"

ಖಾಲಿಯ ಪ್ರಶ್ನೆ ಮೊದಲೇ ಬರಬೇಕು. ಎರಡನೆಯದಕ್ಕೆ ಹಾಕಿದರೆ ಅದರ ಸರದಿ ಯಾವತ್ತೂ ಬರುವುದಿಲ್ಲ, 'ಆಲ್' ಮೊದಲೇ ಹೂಂ ಅಂದುಬಿಟ್ಟಿರುತ್ತದೆ. ನಾನು ಹೊಸ ಶೀಟಿನಲ್ಲಿ "ಪರೀಕ್ಷೆ ಆಗಿಲ್ಲ" ಎಂಬುದನ್ನು ಚೌಕದೊಳಗೆ ದಪ್ಪ ಅಕ್ಷರದಲ್ಲಿ ಹಾಕಿದೆ. ಜೊತೆಗೆ ಲೀಟರಿನ ಪಕ್ಕ 'ಕಾರಣ' ಎಂದು ಒಂದು ಕಾಲಂ ಸೇರಿಸಿದೆ. ಗೆರೆ, ವಾಪಸ್, ಬ. ಸೆಕ್ರೆಟರಿಯವರು ಬಟವಾಡೆ ದಿನ ಅದನ್ನು ನೋಡಿ, "ಈಗ ನಮ್ ಪುಸ್ತಕದಂಗೈತೆ" ಅಂದರು. ನನಗೆ ಸಿಕ್ಕ ಅಪ್ರೈಸಲ್‌ಗಳಲ್ಲಿ ಅದೇ ಚೆನ್ನಾಗಿರುವುದು.

ಪ್ರಶ್ನೆ: ಜಾವಾಸ್ಕ್ರಿಪ್ಟ್‌ನಲ್ಲಿ 'ಇಫ್ (ಕಾರ್ಟ್)' ಎಂದು ಹಾಕಿದ್ದೇನೆ. ಕಾರ್ಟಿನಲ್ಲಿ ಏನೂ ಇಲ್ಲದಿದ್ದರೂ "ಹಣ ಪಾವತಿಸಿ" ಬಟನ್ ಕಾಣುತ್ತಿದೆ. ಯಾಕೆ?
(ವೆಬ್ ಡಿಸೈನರ್, ಹುಬ್ಬಳ್ಳಿ)

ಉತ್ತರ: ಪೈಥಾನಿನ ಅಭ್ಯಾಸ ಹೊತ್ತುಕೊಂಡು ಬಂದಿದ್ದೀರಿ. ಜಾವಾಸ್ಕ್ರಿಪ್ಟ್‌ನಲ್ಲಿ ಖಾಲಿ ಅರೇ (ಅಲ್ಲಿನ ಪಟ್ಟಿ) ಕೂಡ 'ನಿಜ'. ಅರೇ ಇದೆಯಲ್ಲ, ಅಷ್ಟು ಸಾಕು ಅದಕ್ಕೆ. 'ಕಾರ್ಟ್.ಲೆಂತ್ === 0' ಎಂದು ನೋಡಿ. ಕಾರ್ಟೇ ಇರದೆ ಹೋಗಬಹುದಾದರೆ 'ಇಫ್ (!ಕಾರ್ಟ್?.ಲೆಂತ್)' ಎಂದು ಬರೆಯಿರಿ. ಕಾರ್ಟು ಅರೇ ಅಲ್ಲದೆ ಆಬ್ಜೆಕ್ಟ್ ಆಗಿದ್ದರೆ ಅದಕ್ಕೆ ಲೆಂತ್ ಇರುವುದಿಲ್ಲ, 'ಆಬ್ಜೆಕ್ಟ್.ಕೀಸ್(ಕಾರ್ಟ್).ಲೆಂತ್' ನೋಡಬೇಕು. ಇನ್ನು '[] == ಫಾಲ್ಸ್' ಎಂದು ಕೇಳಿದರೆ ಇದೇ ಭಾಷೆ ಟ್ರೂ ಅನ್ನುತ್ತದೆ. 'ಇಫ್' ಒಳಗೆ ನಿಜ, ಹೋಲಿಸಿದರೆ ಸುಳ್ಳಿಗೆ ಸಮ. ಇದನ್ನು ಅರ್ಥ ಮಾಡಿಕೊಳ್ಳಲು ಹೋಗಿ ರಾತ್ರಿ ನಿದ್ದೆಗೆಡಬೇಡಿ. ಮೂರು ಸಮ ಚಿಹ್ನೆ ಬಳಸಿ, ಮಲಗಿ.

ಪ್ರಶ್ನೆ: ಎಂಬತ್ತು ಲಕ್ಷ ಸಾಲಿನ ಟೇಬಲ್. ಒಬ್ಬ ಗ್ರಾಹಕರ ಆರ್ಡರ್ ಇದೆಯಾ ಎಂದು ನೋಡಲು 'ಸೆಲೆಕ್ಟ್ ಕೌಂಟ್(*)' ಹಾಕಿ ಸೊನ್ನೆಗಿಂತ ಜಾಸ್ತಿಯಾ ಎಂದು ನೋಡುತ್ತೇವೆ. ನಿಧಾನ. ಇನ್ನೊಂದು ಕಾಟ: ಆರ್ಡರ್ ಇಲ್ಲದವರ ಒಟ್ಟು ಮೊತ್ತ 0 ಬರುವ ಬದಲು ನಲ್ ಬರುತ್ತದೆ.
(ಡೇಟಾಬೇಸ್ ನೋಡಿಕೊಳ್ಳುವ ಕನ್ನಡಿಗ, ಮಸ್ಕತ್)

ಉತ್ತರ: ಮೊದಲನೆಯದಕ್ಕೆ 'ಎಗ್ಸಿಸ್ಟ್ಸ್'. ಒಂದು ಸಾಲು ಸಿಕ್ಕಿದ ಕೂಡಲೇ ಅದು ನಿಲ್ಲುತ್ತದೆ. ಕೌಂಟ್ ಹೊಂದುವ ಸಾಲುಗಳನ್ನೆಲ್ಲ ಎಣಿಸಿಯೇ ತೀರುತ್ತದೆ. ಮೇಲೆ ಹೇಳಿದ ಮಜ್ಜಿಗೆ ಪಾತ್ರೆಯೇ, ಇಲ್ಲಿ ಅದು ಹಂಡೆಯಷ್ಟಿದೆ ಅಷ್ಟೆ. ಗ್ರಾಹಕರ ಐಡಿ ಮೇಲೆ ಇಂಡೆಕ್ಸ್ ಇದೆಯಾ ಅದನ್ನೂ ನೋಡಿ. ಇಲ್ಲದಿದ್ದರೆ ಎಗ್ಸಿಸ್ಟ್ಸ್ ಕೂಡ ಟೇಬಲ್ಲಿನುದ್ದಕ್ಕೂ ಅಲೆಯಬೇಕಾಗುತ್ತದೆ.

ಎರಡನೆಯದು ಡೇಟಾಬೇಸಿಗೆ ಪ್ರಶ್ನೆ ಕೇಳುವ ಭಾಷೆಯಾದ ಎಸ್‌ಕ್ಯೂಎಲ್‌ನ ನಿಯಮವೇ. ಸಾಲೇ ಇಲ್ಲದಿದ್ದರೆ ಕೌಂಟ್ 0 ಕೊಡುತ್ತದೆ, ಸಮ್ ನಲ್ ಕೊಡುತ್ತದೆ. 'ಕೋಅಲೆಸ್(ಸಮ್(ಮೊತ್ತ), 0)' ಎಂದು ಸುತ್ತಿದರೆ 0 ಬರುತ್ತದೆ. ಸುತ್ತುವ ಮುಂಚೆ ಒಂದು ಕ್ಷಣ ಡೇರಿಯನ್ನು ನೆನೆಯಿರಿ: ಆರ್ಡರ್ ಮಾಡಿಯೂ ಮೊತ್ತ ಸೊನ್ನೆಯಾದ ಗ್ರಾಹಕರು, ಆರ್ಡರ್ರೇ ಮಾಡದ ಗ್ರಾಹಕರು, ಇಬ್ಬರೂ ನಿಮ್ಮ ರಿಪೋರ್ಟಿನಲ್ಲಿ ಒಂದೇ ಆಗಬೇಕಾ? ಬಿಲ್ಲಿಗಾದರೆ ಆಗಲಿ. ಮಾರ್ಕೆಟಿಂಗ್‌ನವರಿಗಾದರೆ ಬೇಡ.

ಹಾಗೆಯೇ 'ನಾಟ್ ಇನ್' ಬಳಸುತ್ತಿದ್ದರೆ ಹುಷಾರು. ಒಳಗಿನ ಪಟ್ಟಿಯಲ್ಲಿ ಒಂದೇ ಒಂದು ನಲ್ ಇದ್ದರೂ ಒಂದು ಸಾಲೂ ಹೊರಗೆ ಬರುವುದಿಲ್ಲ. ಡೇಟಾ ಇದೆ, ಉತ್ತರ ಖಾಲಿ. 'ನಾಟ್ ಎಗ್ಸಿಸ್ಟ್ಸ್' ಹಾಕಿದರೆ ಈ ಬಲೆಗೆ ಬೀಳುವುದಿಲ್ಲ. ನಿಮ್ಮದು ಒರಾಕಲ್ ಡೇಟಾಬೇಸ್ ಆದರೆ ಖಾಲಿ ಸ್ಟ್ರಿಂಗನ್ನೂ ಅದು ನಲ್ ಎಂದೇ ಇಟ್ಟುಕೊಳ್ಳುತ್ತದೆ. ಕೊಡುವಾಗ ಖಾಲಿ ಲಕೋಟೆ ಕೊಟ್ಟಿರಿ, ಕೇಳಿದರೆ ಲಕೋಟೆಯೇ ಬಂದಿಲ್ಲ ಅನ್ನುತ್ತದೆ.

ಪ್ರಶ್ನೆ: ಸಿ ಪ್ಲಸ್ ಪ್ಲಸ್‌ನಲ್ಲಿ ವೆಕ್ಟರ್ (ಅಲ್ಲಿನ ಪಟ್ಟಿ) ಖಾಲಿ ಮಾಡಲು 'ವಿ.ಎಂಪ್ಟಿ()' ಕರೆದೆ. ಎರರ್ ಬರಲಿಲ್ಲ, ಖಾಲಿಯೂ ಆಗಲಿಲ್ಲ.
(ಡಿಪ್ಲೊಮಾ ವಿದ್ಯಾರ್ಥಿ, ಕಲಬುರಗಿ)

ಉತ್ತರ: ಅದು ಅಪ್ಪಣೆಯಲ್ಲ, ಪ್ರಶ್ನೆ. ಇಂಗ್ಲಿಷಿನ 'ಎಂಪ್ಟಿ' ಅಂದರೆ 'ಖಾಲಿ ಮಾಡು' ಎಂದೂ ಆಗುತ್ತದೆ, 'ಖಾಲಿ' ಎಂದೂ ಆಗುತ್ತದೆ. ಕನ್ನಡದಲ್ಲಿ ಈ ತೊಂದರೆಯೇ ಇಲ್ಲ: 'ಖಾಲಿ ಮಾಡು' ಬೇರೆ, 'ಖಾಲಿನಾ?' ಬೇರೆ. ಈ ಭಾಷೆಯನ್ನು ನಮ್ಮೋರು ಮಾಡಿದ್ದರೆ ಒಂದು 'ಆ' ಹಾಕಿ ಮುಗಿಸುತ್ತಿದ್ದರು. ಖಾಲಿ ಮಾಡಲು 'ವಿ.ಕ್ಲಿಯರ್()'. ನೀವೊಬ್ಬರೇ ಅಲ್ಲ, ಎಷ್ಟು ಜನ ಹೀಗೆ ಎಡವಿದ್ದಾರೆಂದರೆ ಸಿ ಪ್ಲಸ್ ಪ್ಲಸ್ 20ರಿಂದ 'ಎಂಪ್ಟಿ'ಗೆ 'ನೋಡಿಸ್ಕಾರ್ಡ್' ಎಂಬ ಗುರುತು ಹಾಕಿದ್ದಾರೆ. ಉತ್ತರವನ್ನು ಬಳಸದೆ ಬಿಟ್ಟರೆ ಕಂಪೈಲರ್ ಎಚ್ಚರಿಸುತ್ತದೆ.

ಪ್ರಶ್ನೆ: ನಾನು ಪ್ರೋಗ್ರಾಮರ್ ಅಲ್ಲ, ಹೈಸ್ಕೂಲ್ ಟೀಚರ್. ಎಕ್ಸೆಲ್‌ನಲ್ಲಿ ಅಂಕದ ಕಾಲಂ ಖಾಲಿ ಇದೆಯಾ ಎಂದು 'ಈಸ್‌ಬ್ಲ್ಯಾಂಕ್' ಹಾಕಿದರೆ, ಕಣ್ಣಿಗೆ ಖಾಲಿ ಕಾಣುವ ಸೆಲ್ಲಿಗೂ 'ಫಾಲ್ಸ್' ಅನ್ನುತ್ತದೆ. ಈ ಅಂಕಣದಲ್ಲಿ ಕೇಳಬಹುದೋ ಇಲ್ಲವೋ ಗೊತ್ತಿಲ್ಲ.
(ಗಣಿತ ಶಿಕ್ಷಕಿ, ಶಿರಸಿ)

ಉತ್ತರ: ಧಾರಾಳವಾಗಿ ಕೇಳಿ ಟೀಚರ್. ಎಕ್ಸೆಲ್ ಸೂತ್ರವೂ ಪ್ರೋಗ್ರಾಮೇ. ಆ ಸೆಲ್ಲಿನೊಳಗೆ ಒಂದು ಸೂತ್ರ ಕೂತಿದೆ, ಅದು ಖಾಲಿ ಅಕ್ಷರಮಾಲೆ ಕೊಡುತ್ತಿದೆ. ಕಣ್ಣಿಗೆ ಏನೂ ಇಲ್ಲ, ಎಕ್ಸೆಲ್‌ಗೆ ಸೂತ್ರ ಇದೆ. 'ಕೌಂಟ್‌ಎ' ಕೂಡ ಅಂಥದ್ದನ್ನು ತುಂಬಿದ ಸೆಲ್ ಎಂದೇ ಎಣಿಸುತ್ತದೆ. ನಿಮಗೆ ಬೇಕಾದ್ದು ಅಂಕ ತಾನೆ? 'ಕೌಂಟ್' ಹಾಕಿ, ಅದು ಸಂಖ್ಯೆಗಳನ್ನು ಮಾತ್ರ ಎಣಿಸುತ್ತದೆ. 0 ಬಂದರೆ ಒಂದೂ ಅಂಕ ತುಂಬಿಲ್ಲ ಎಂದರ್ಥ. ಆಗ 'ಆವರೇಜ್' ಹಾಕಬೇಡಿ, ಸೊನ್ನೆಯಿಂದ ಭಾಗಿಸಿದ ಎರರ್ ಬರುತ್ತದೆ.

ಪರೀಕ್ಷೆಗೆ ಬಾರದ ಮಗುವಿಗೆ ನೀವು ಹಾಜರಿ ಪುಸ್ತಕದಲ್ಲಿ ಸೊನ್ನೆ ಹಾಕುವುದಿಲ್ಲ, 'ಗೈ' ಎಂದು ಬರೆಯುತ್ತೀರಿ. ಇಲ್ಲೂ ಹಾಗೇ ಬರೆಯಿರಿ. ಆವರೇಜ್ ಅಕ್ಷರಗಳನ್ನು ಬಿಟ್ಟು ಲೆಕ್ಕ ಹಾಕುತ್ತದೆ. ಸೊನ್ನೆ ಹಾಕಿದರೆ ಅದನ್ನೂ ಸೇರಿಸಿ ಇಡೀ ಕ್ಲಾಸಿನ ಸರಾಸರಿ ಕೆಳಗೆಳೆಯುತ್ತದೆ.

ಪ್ರಶ್ನೆ: ಕಳೆದ ಸಂಚಿಕೆಯಲ್ಲಿ ನೀವು, ಪಟ್ಟಿಯಲ್ಲಿ ಏನಾದರೂ ಇದೆಯಾ ಎಂದು ನೋಡಲು ಪೈಥಾನಿನಲ್ಲಿ 'ಎನಿ(ಪಟ್ಟಿ)' ಕೂಡ ಬಳಸಬಹುದು ಎಂದಿದ್ದೀರಿ. ನಾನು ಮಳೆ ಅಳತೆಯ ಪಟ್ಟಿ ಕೊಟ್ಟು ನೋಡಿದೆ. ಬೇಸಿಗೆಯ ಮೂರು ದಿನ, [0, 0, 0]. ಪಟ್ಟಿಯಲ್ಲಿ ಮೂರಿದ್ದರೂ 'ಫಾಲ್ಸ್' ಬಂತು. ತಪ್ಪು ನನ್ನದಾ, ನಿಮ್ಮದಾ?
(ನಿವೃತ್ತ ಬ್ಯಾಂಕ್ ಉದ್ಯೋಗಿ, ಉಡುಪಿ)

ಉತ್ತರ: ನನ್ನದು. ಪೂರ್ತಿ ನನ್ನದು. ಪೈಥಾನಿನ 'ಎನಿ' ಕೇಳುವುದು "ಒಳಗೆ ನಿಜವಾದದ್ದು ಒಂದಾದರೂ ಇದೆಯಾ?" ಎಂದು. ಸೊನ್ನೆ ಅದಕ್ಕೆ ಸುಳ್ಳು. ಮೂರು ದಿನ ಮಳೆ ಬರಲಿಲ್ಲ ಎಂಬ ನಿಮ್ಮ ಅಳತೆಯನ್ನು ಅದು ಅಳತೆಯೇ ಇಲ್ಲ ಎಂದು ಓದಿತು. ಡೇರಿಯಲ್ಲಿ ಮಾಡಿದ ತಪ್ಪನ್ನೇ ಇಷ್ಟು ವರ್ಷದ ಮೇಲೆ ಪ್ರಿಂಟಿನಲ್ಲಿ ಮಾಡಿದ್ದೇನೆ!

ಎಲ್ಲಿಂದ ಬಂತು ಎಂದರೆ, ನಾನು ನಡುವೆ ಆರು ವರ್ಷ ಸಿ ಶಾರ್ಪ್ ಎಂಬ ಭಾಷೆಯಲ್ಲಿ ಬರೆಯುತ್ತಿದ್ದೆ. ಅಲ್ಲಿ ಲಿಂಕ್ (ಪಟ್ಟಿಗಳಿಂದ ಬೇಕಾದ್ದನ್ನು ಹುಡುಕಿ ತೆಗೆಯುವ ಸೌಲಭ್ಯ) ಎಂಬುದರ 'ಎನಿ()'ಗೆ ಆವರಣದೊಳಗೆ ಏನೂ ಕೊಡದಿದ್ದರೆ "ಒಂದಾದರೂ ಇದೆಯಾ?" ಎಂದಷ್ಟೇ ಅರ್ಥ, ಒಳಗಿನದು ಸೊನ್ನೆಯೋ ಒಂದೋ ಅದು ನೋಡುವುದಿಲ್ಲ. ಅಲ್ಲಿ 'ಕೌಂಟ್()'ಗಿಂತ ಅದನ್ನೇ ಬಳಸಿ ಎಂದು ಜೂನಿಯರ್‌ಗಳಿಗೆ ಹೇಳಿ ಹೇಳಿ ನಾಲಿಗೆಗೆ ಅಂಟಿಕೊಂಡಿದೆ. ಹೆಸರು ಒಂದೇ, ಕೆಲಸ ಬೇರೆ.

ಹಳೆ ಸಂಚಿಕೆ ಇಟ್ಟುಕೊಂಡಿರುವವರು ಆ ಸಾಲನ್ನು ದಯವಿಟ್ಟು ಹೊಡೆದುಹಾಕಿ. ಪಕ್ಕದಲ್ಲಿ 'ಇಫ್ ನಾಟ್ ಪಟ್ಟಿ' ಎಂದು ಬರೆದುಕೊಳ್ಳಿ, ಕೆಂಪು ಇಂಕಿನಲ್ಲೇ ಬರೆಯಿರಿ. ತುಮಕೂರಿನ ಸರ್ ಬೇಕಾದರೆ ನನ್ನ ಲೆಕ್ಕದಿಂದಲೂ ಎರಡು ಅಂಕ ಕಳೆಯಲಿ. ಆ ಹುಡುಗಿಯದು ಮಾತ್ರ ವಾಪಸ್ ಕೊಡಲಿ.